ಎದೆಭಾರ ಇಳಿಸಲು ಬಾಗಿಲು ತಟ್ಟಿರಿ

ಇಶಾ ನಮಾಝ್ ಮುಗಿದು ಜನರೆಲ್ಲ ಮನೆಗೆ ಮರಳಿದ್ದರು. ಒಬ್ಬ ಯುವಕ ಮಾತ್ರ ಕಂಬಕ್ಕೊರಗಿ ಕುಳಿತಿದ್ದ. ನಾನು ದೀಪ ಆರಿಸಲು ಹೊರಟಾಗ ಬಳಿಗೆ ಬಂದು, “ಉಸ್ತಾದ್, ದುಆದಲ್ಲಿ ಸಾವನ್ನು ಬೇಡಬಹುದೇ?” ಎಂದು ಕೇಳಿದ. ಕೂಡದೆಂದು ಹೇಳಿ, ಹದೀಸನ್ನೂ ತಿಳಿಸಿ, ನಾನು ಬೀಗದ ಕೈ ಹುಡುಕತೊಡಗಿದೆ. ಅವನು ಮೌನವಾಗಿ ಮೆಟ್ಟಿಲಿಳಿದ. ಚಪ್ಪಲಿ ಹಾಕಿಕೊಳ್ಳುವಾಗ ಅವನ ಕೈ ನಡುಗುತ್ತಿತ್ತು. ಅವನು ಫತ್ವಾ ಕೇಳಲು ಬಂದವನಲ್ಲವೆಂದು ನನಗೆ ಆಗಷ್ಟೇ ಹೊಳೆಯಿತು. ಓಡಿಹೋಗಿ ಕೈ ಹಿಡಿದು, “ಏನಾಯ್ತು ತಮ್ಮಾ, ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ?” ಎಂದು ಕೇಳಿದೆ. ಅವನು ಬಿಕ್ಕಿ ಬಿಕ್ಕಿ ಅತ್ತ.

ಸಹೋದರ ಸಹೋದರಿಯರೇ, ಪ್ರಾಣವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ಅದನ್ನು ನಾವಾಗಿ ಕೊನೆಗೊಳಿಸುವ ಅಧಿಕಾರ ನಮಗಿಲ್ಲ. ಆದರೆ ಇದನ್ನು ನಿಷೇಧಿಸುವ ‘ಅನ್ನಿಸಾ’ ಅಧ್ಯಾಯದ 29ನೇ ಸೂಕ್ತವು ಅಲ್ಲಾಹನು ನಿಮ್ಮ ಮೇಲೆ ಕರುಣೆಯುಳ್ಳವನೆಂದು ನೆನಪಿಸಿಯೇ ಮುಗಿಯುತ್ತದೆ. ನಾವೋ ನಿಷೇಧವನ್ನು ಹೇಳಿ ಕರುಣೆಯನ್ನು ಮರೆಯುತ್ತೇವೆ. ಅಂದು ನಾನು ಮಾಡಿದ ತಪ್ಪೂ ಅದೇ.

ಬದುಕು ಭಾರವೆನಿಸುವುದೇ ಈಮಾನ್ ಇಲ್ಲದಿರುವುದರ ಲಕ್ಷಣವೆಂದು ಕೆಲವರು ಭಾವಿಸುತ್ತಾರೆ. ಹಝ್ರತ್ ಮರ್ಯಮ್(ಅ)ರನ್ನು ನೆನೆಯಿರಿ. ಪ್ರಸವವೇದನೆ, ಜನರ ನಿಂದೆಯ ಭಯ, ಜೊತೆಗೆ ಯಾರೂ ಇಲ್ಲ. ಇದಕ್ಕೆ ಮುನ್ನವೇ ಸತ್ತಿದ್ದರೆ ಎಷ್ಟು ಚೆನ್ನಾಗಿತ್ತೆಂದು ಆ ಪುಣ್ಯವತಿಯೂ ಹಲುಬಿದರು. ಅವರಿಗೆ ಬಂದ ಉತ್ತರದಲ್ಲಿ ಗದರಿಕೆಯ ಒಂದು ಮಾತೂ ಇರಲಿಲ್ಲ. ದುಃಖಿಸದಿರಲು ಹೇಳಲಾಯಿತು, ಕಾಲ ಬುಡದಲ್ಲಿ ಹರಿಯುವ ನೀರನ್ನೂ ಮಾಗಿದ ಖರ್ಜೂರವನ್ನೂ ತೋರಿಸಿ ತಿನ್ನಲು, ಕುಡಿಯಲು ಹೇಳಲಾಯಿತು. ಹಝ್ರತ್ ಯಾಕೂಬ್(ಅ) ಮಗನ ಅಗಲಿಕೆಯಿಂದ ಅತ್ತು ಕಣ್ಣುಗಳನ್ನೇ ಕಳೆದುಕೊಂಡರು. ಆದರೂ ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿರೆಂದು ಮಕ್ಕಳಿಗೆ ಹೇಳಿದವರು ಅವರೇ. ಕಣ್ಣೀರು ಬೇರೆ, ನಿರಾಶೆ ಬೇರೆ.

ಕಷ್ಟ ಬಂತೆಂದು ಸಾವನ್ನು ಬಯಸಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದರು. ಹೇಳಲೇಬೇಕೆನಿಸಿದರೆ, ಬದುಕು ಒಳಿತಾಗಿರುವವರೆಗೆ ಬದುಕಿಸೆಂದೂ ಮರಣವು ಒಳಿತಾದಾಗ ಮರಣ ಕೊಡೆಂದೂ ಅಲ್ಲಾಹನಲ್ಲಿ ಬೇಡಲು ತಿಳಿಸಿದರು. ಬಾಯಿ ಮುಚ್ಚಿಸಲಿಲ್ಲ, ನೊಂದವನ ಬಾಯಿಗೆ ಬೇರೊಂದು ಮಾತನ್ನು ಕೊಟ್ಟರು. ದುಃಖಿತರ ಮನೆಯಲ್ಲಿ ಹಝ್ರತ್ ಆಯಿಶಾ(ರ) ‘ತಲ್‌ಬೀನಾ’ ಎಂಬ ಹಿಟ್ಟಿನ ಗಂಜಿ ಮಾಡಿಸಿ ಬಡಿಸುತ್ತಿದ್ದರು. ಅದು ಮನಸ್ಸಿಗೆ ನೆಮ್ಮದಿ ತರುತ್ತದೆಂದು ಅವರು ಪ್ರವಾದಿವರ್ಯರಿಂದ(ಸ) ಕೇಳಿದ್ದರು.

ದುಆದೊಂದಿಗೆ ಚಿಕಿತ್ಸೆಯೂ ಸುನ್ನತ್. ಔಷಧಿಯಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲವೆಂಬ ಹದೀಸ್ ಮನಸ್ಸಿನ ರೋಗಕ್ಕೂ ಅನ್ವಯಿಸುತ್ತದೆ. ಸಾವಿರ ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹದಂತೆ ಮನಸ್ಸಿಗೂ ಆರೈಕೆ ಬೇಕೆಂದು ಗ್ರಂಥ ಬರೆದರು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವನನ್ನು ನಾವು ಈಮಾನ್ ಇಲ್ಲದವನೆನ್ನುವುದಿಲ್ಲ. ಖಿನ್ನತೆಗೆ ಮಾತ್ರೆ ನುಂಗುವವನನ್ನು ಹಾಗೇಕೆ ಹಳಿಯಬೇಕು?

ಈ ಯೋಚನೆ ಕಾಡುತ್ತಿರುವವರೇ, ಇಂದೇ ಒಬ್ಬರಿಗೆ ಹೇಳಿರಿ. ತಾಯಿಗೆ, ಅಣ್ಣನಿಗೆ, ಗೆಳತಿಗೆ, ಉಸ್ತಾದರಿಗೆ. ಒಬ್ಬರು ಕಿವಿಗೊಡದಿದ್ದರೆ ಮತ್ತೊಬ್ಬರ ಬಾಗಿಲು ತಟ್ಟಿರಿ. ಒಂಟಿಯಾಗಿ ಇರಬೇಡಿರಿ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ನ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಅಪಾಯ ಹತ್ತಿರವಿದ್ದರೆ 112ಕ್ಕೆ ಕರೆ ಮಾಡಿರಿ, ಇಲ್ಲವೇ ನೇರವಾಗಿ ಆಸ್ಪತ್ರೆಗೆ ಹೋಗಿರಿ. ಪೊಲೀಸ್ ಕೇಸಿನ ಭಯದಿಂದ ಹಿಂಜರಿಯದಿರಿ. ಪ್ರಯತ್ನಿಸಿ ಬದುಕುಳಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಮನೆಯವರೇ, ಸಂಶಯ ಬಂದರೆ ನೇರವಾಗಿ ಕೇಳಿರಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಬಚ್ಚಿಟ್ಟಿದ್ದ ಭಾರ ಇಳಿಯುತ್ತದೆ. ಉಪದೇಶಕ್ಕೆ ಮೊದಲು ಕಿವಿ ಕೊಡಿರಿ. ಅಪಾಯ ತರುವ ವಸ್ತುಗಳನ್ನು ಮನೆಯಿಂದ ದೂರವಿಡಿರಿ, ಜೊತೆಗಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಯಾರಿಗೂ ಹೇಳಬೇಡವೆಂದು ಅವರು ಬೇಡಿಕೊಂಡರೂ, ಜೀವ ಉಳಿಸುವುದಕ್ಕಾಗಿ ನೆರವಾಗಬಲ್ಲವರಿಗೆ ತಿಳಿಸುವುದು ವಿಶ್ವಾಸದ್ರೋಹವಲ್ಲ.

ಈ ದಾರಿಯಲ್ಲಿ ಒಬ್ಬರನ್ನು ಕಳೆದುಕೊಂಡ ಕುಟುಂಬಗಳನ್ನು ಚುಚ್ಚಬೇಡಿರಿ. ತುಫೈಲ್ ಬಿನ್ ಅಮ್ರ್(ರ)ರೊಂದಿಗೆ ಮದೀನಕ್ಕೆ ಬಂದವರೊಬ್ಬರು ಕಾಯಿಲೆಯ ವೇದನೆ ತಾಳಲಾರದೆ ತಮ್ಮ ಕೈಗೆ ತಾವೇ ಹಾನಿ ಮಾಡಿಕೊಂಡು ತೀರಿಕೊಂಡರು. ವಿಷಯ ತಿಳಿದ ಪ್ರವಾದಿವರ್ಯರು(ಸ) ಅವರ ಕೈಗಳಿಗೂ ಕ್ಷಮೆ ನೀಡೆಂದು ಅಲ್ಲಾಹನಲ್ಲಿ ಬೇಡಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ತೀರಿಕೊಂಡವರಿಗಾಗಿ ದುಆ ಮಾಡುವುದು ನಮ್ಮ ಕೆಲಸ, ತೀರ್ಪು ಅಲ್ಲಾಹನದು.

ಆ ರಾತ್ರಿ ಯುವಕನ ಅಣ್ಣನನ್ನು ಕರೆಸಿ, ಅವನನ್ನು ಒಪ್ಪಿಸಿಯೇ ನಾನು ಬೀಗ ಹಾಕಿದೆ. ಮರುದಿನ ಮೂವರೂ ವೈದ್ಯರನ್ನು ಕಂಡೆವು. ಅವನ ಸಾಲ ಇನ್ನೂ ತೀರಿಲ್ಲ. ನಿದ್ದೆ ಮಾತ್ರ ಮರಳಿದೆ. ಫಜ್ರ್‌ಗೆ ಬಂದಾಗ ಸಲಾಮ್ ಹೇಳಿ ಮುಗುಳ್ನಗುತ್ತಾನೆ. ಈಗ ನಾನು ದೀಪ ಆರಿಸುವ ಮುನ್ನ ಕಂಬಗಳ ಬಳಿ ಒಮ್ಮೆ ನೋಡುತ್ತೇನೆ.

ಅಲ್ಲಾಹನು ನೊಂದ ಹೃದಯಗಳಿಗೆ ನೆಮ್ಮದಿಯನ್ನೂ, ನೊಂದವರ ದನಿ ಆಲಿಸುವ ಕಿವಿಯನ್ನು ನಮಗೂ ದಯಪಾಲಿಸಲಿ. ಆಮೀನ್.