ಅನಿಶ್ಚಯವೂ ಅಧಿಕಾರವೂ

ಫಲವು ನಮ್ಮ ಕೈಯಲ್ಲಿಲ್ಲವೆಂದ ಮೇಲೆ ಪ್ರಯತ್ನವೇಕೆ? ಎಲ್ಲವೂ ಹರಿಚಿತ್ತವೆಂದು ಸುಮ್ಮನಿರಬಾರದೇಕೆ? ಈ ಸಂದೇಹವು ಆಸ್ತಿಕರಾದ ನಮ್ಮಲ್ಲಿಯೇ ಹೆಚ್ಚಾಗಿ ಏಳುವುದುಂಟು.

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ಕರ್ಮಸಿದ್ಧಿಗೆ ಐದು ಕಾರಣಗಳನ್ನು ಹೇಳಿರುವನು. ಅವುಗಳಲ್ಲಿ ದೈವವೂ ಒಂದು, ಚೇಷ್ಟೆಯೂ ಒಂದು. ದೈವವನ್ನು ಹೇಳಿದ ಮಾತ್ರಕ್ಕೆ ಚೇಷ್ಟೆಯನ್ನು ತಳ್ಳಿಹಾಕಲಿಲ್ಲ. ಶ್ರೀಮದಾಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ವಿಭಾಗಿಸಿದರು. ಜೀವನು ಅಸ್ವತಂತ್ರನೇ ಸರಿ. ಆದರೂ ಕಲ್ಲಿನಂತೆ ಜಡನಲ್ಲ. ಅವನಿಗೆ ಕರ್ತೃತ್ವವೇ ಇಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳು ಯಾರಿಗಾಗಿ? ನಮ್ಮ ಬೇಗೂರಿನ ಸುತ್ತಿನ ಮಳೆಯಾಶ್ರಿತ ಹೊಲಗಳ ರೈತನು ಇದನ್ನು ಚೆನ್ನಾಗಿ ಬಲ್ಲನು. ಮುಂದಿನ ಮಳೆ ಅವನ ವಶದಲ್ಲಿಲ್ಲ. ಹದವರಿತು ಬಿತ್ತುವ ಕೆಲಸ ಮಾತ್ರ ಅವನದು.

ನಾಯಕನಾದವನಿಗೆ ಈ ಅನಿಶ್ಚಯವು ಇನ್ನೂ ಭಾರವಾದುದು. ಅವನ ನಿರ್ಣಯದ ಫಲವನ್ನು ಇತರರೂ ಉಣ್ಣಬೇಕಷ್ಟೆ. ಶ್ರೀಕೃಷ್ಣದೇವರಾಯನ (1509–1529) ಕಾಲದಲ್ಲಿ ಕುಹಯೋಗವು ಒದಗಿದಾಗ, ಬನ್ನೂರಿನಲ್ಲಿ ಅವತರಿಸಿದ ಶ್ರೀ ವ್ಯಾಸರಾಜರು ತಾವೇ ಸಿಂಹಾಸನವನ್ನೇರಿ, ಯೋಗವು ಕಳೆದ ಮೇಲೆ ರಾಜ್ಯವನ್ನು ರಾಜನಿಗೇ ಹಿಂದಿರುಗಿಸಿದರೆಂದು ನಮ್ಮ ಪರಂಪರೆಯು ಹೇಳುತ್ತದೆ. ವಿಪತ್ತು ಇರುವವರೆಗೆ ಕುಳಿತರು, ನೀಗಿದೊಡನೆ ಇಳಿದರು. ಮನೆಯಲ್ಲಾಗಲಿ ಸಂಘದಲ್ಲಾಗಲಿ ನಮ್ಮ ನಡತೆಯು ಬಹುಮಟ್ಟಿಗೆ ಇದಕ್ಕೆ ವಿಪರೀತವಾಗಿದೆ. ಸುಭಿಕ್ಷದಲ್ಲಿ ನಮಗೆ ಆಸನ ಬೇಕು. ಸಂಕಟದಲ್ಲಿ ಹೊಣೆಯನ್ನು ದೈವದ ಮೇಲೆ ಹೊರಿಸುವೆವು. ಇದು ಶರಣಾಗತಿಯಲ್ಲ, ಜಾರಿಕೊಳ್ಳುವ ಉಪಾಯ.

ಆಸನವೂ ಫಲವೂ ಸ್ವತಂತ್ರನಾದ ಶ್ರೀಹರಿಯವೆಂದು ತಿಳಿದವನು ಅಪಾಯದಲ್ಲಿ ಮುಂದೆ ನಿಲ್ಲಲು ಅಂಜನು, ಕಾಲ ಬಂದಾಗ ಬಿಟ್ಟುಕೊಡಲು ಅಳುಕನು. ಅಂತಹ ಬುದ್ಧಿಯನ್ನು ಅವನೇ ನಮಗೆ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು.