ಕೆಟ್ಟ ಅಡುಗೆ, ಕೆಡದ ಪ್ರಸಾದ

ವೈಶಾಖ ಶುದ್ಧ ತದಿಗೆ ಬಸವ ಜಯಂತಿಯ ಪುಣ್ಯದಿನ. ಭಕ್ತರ ಮನೆಗಳಲ್ಲಿ ಅಂದು ಲಿಂಗಪೂಜೆ, ಜಂಗಮಾರಾಧನೆ, ಬಂಧುಬಾಂಧವರಿಗೆ ಹೋಳಿಗೆಯ ಊಟ. ಅಂತಹ ದಿನವೇ ಅಡುಗೆ ಕೆಟ್ಟರೆ ಏನು ಮಾಡಬೇಕು? ಬೇಳೆ ಮಿತಿಮೀರಿ ಬೆಂದು, ಹೂರಣ ನೀರಾಗಿ, ಕಣಕದೊಳಗೆ ನಿಲ್ಲದಾಗುವುದುಂಟು. ಅನ್ನ ತಳ ಹಿಡಿಯುವುದುಂಟು. ಅವಸರದಲ್ಲಿ ಸಾರಿಗೆ ಎರಡು ಸಲ ಉಪ್ಪು ಬೀಳುವುದುಂಟು. ಹೊರಗೆ ಜಂಗಮರು ಪಾದಪೂಜೆಗೆ ಕುಳಿತಿರುವರು. ಒಳಗೆ ಗೃಹಿಣಿಯ ಕಣ್ಣಲ್ಲಿ ನೀರು. ನೋಟಕ್ಕೆ ಇದು ಅಡುಗೆಮನೆಯ ಅಲ್ಪ ಸಂಗತಿ. ವಿಚಾರಿಸಿದರೆ ಮನೆಯವರೆಲ್ಲರ ಭಕ್ತಿಗೂ ಇದೊಂದು ಪರೀಕ್ಷೆ.

ಶರಣಧರ್ಮದಲ್ಲಿ ಒಲೆಯಿಂದ ಇಳಿದುದು ಪದಾರ್ಥ. ಗುರು ಲಿಂಗ ಜಂಗಮಕ್ಕೆ ಅರ್ಪಿತವಾಗಿ ಮರಳಿದುದು ಪ್ರಸಾದ. ಪದಾರ್ಥವನ್ನು ಪ್ರಸಾದವಾಗಿಸುವುದು ರುಚಿಯಲ್ಲ, ಅರ್ಪಿಸುವ ಭಾವ. ಹಾಗೆಂದು, ಭಾವವೊಂದಿದ್ದರೆ ಸಾಕು, ಅಡುಗೆ ಹೇಗಿದ್ದರೇನು ಎನ್ನುವುದು ಸಲ್ಲದು. ಅಡುಗೆಯೂ ಕಾಯಕವೇ, ಕಾಯಕದಲ್ಲಿ ಉದಾಸೀನಕ್ಕೆ ಎಡೆಯಿಲ್ಲ. ಕೆಟ್ಟುದನ್ನು ಸರಿಪಡಿಸುವುದೂ ಅದೇ ಕಾಯಕದ ಭಾಗ.

ನೀರಾದ ಹೂರಣವನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ತಿರುವಿದರೆ ಗಟ್ಟಿಯಾಗುವುದು. ಹುರಿಗಡಲೆಯ ಹಿಟ್ಟು ತುಸು ಬೆರೆಸಲೂಬಹುದು. ಆಗಲೂ ಕೂಡಿಬಾರದಿದ್ದರೆ ಅದೇ ಹೂರಣ ಪಾಯಸವಾಗಬಲ್ಲದು. ಬೆಲ್ಲದ ಬಿಸಿಗೆ ಹಾಲು ಒಡೆಯುವುದರಿಂದ, ಆರಿದ ಮೇಲೆ ಕಾಯಿಸಿದ ಹಾಲು ಸೇರಿಸಬೇಕು. ತಳ ಹಿಡಿದ ಅನ್ನವನ್ನು ಕಲಕದೆ, ಮೇಲಿನದನ್ನು ಮೆಲ್ಲನೆ ಬೇರೆ ಪಾತ್ರೆಗೆ ತೆಗೆಯಬೇಕು. ಉಪ್ಪಾದ ಸಾರಿಗೆ ಉಪ್ಪಿಲ್ಲದ ಬೇಳೆಕಟ್ಟು ಬೆರೆಸಬೇಕು. ಹಳಸಿದುದನ್ನು ಮಾತ್ರ ಯಾರಿಗೂ ಬಡಿಸಲಾಗದು. ಉಂಡವರ ದೇಹಕ್ಕೆ ಕೇಡಾಗುವುದು ದಾಸೋಹವಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಸರಿಪಡಿಸುವುದು ಬೇರೆ, ಮರೆಮಾಚುವುದು ಬೇರೆ. ಹೂರಣ ಪಾಯಸವಾದುದು ಮೋಸವಲ್ಲ. ಪಾಯಸವನ್ನೇ ಮಾಡಬೇಕೆಂದಿದ್ದೆವು ಎಂದು ಬಂದವರೆದುರು ಹೆಮ್ಮೆಪಡುವುದು ಮೋಸ. "ಹೋಳಿಗೆ ಆಗಲಿಲ್ಲ ಅಯ್ಯನವರೆ, ಹೂರಣವನ್ನೇ ಪಾಯಸ ಮಾಡಿದೆವು" ಎಂದು ಯಜಮಾನನು ಕೈಮುಗಿದು ನುಡಿದರೆ ಎಡೆಯಲ್ಲಿ ಕೊರತೆಯೇ ಉಳಿಯದು. ಆ ನುಡಿಗೆ ಅಡ್ಡಬರುವುದು ಮರ್ಯಾದೆಯ ಭಯ. ಹಬ್ಬದ ಊಟ ಲಿಂಗಾರ್ಪಿತಕ್ಕೋ ನೆರೆಹೊರೆಯವರ ಮೆಚ್ಚುಗೆಗೋ ಎಂಬುದು ಅಡುಗೆ ಕೆಟ್ಟ ಗಳಿಗೆಯಲ್ಲಿಯೇ ಬಯಲಾಗುವುದು.

ಅದಕ್ಕಿಂತ ದೊಡ್ಡ ಕೇಡು ಕೋಪ. ಅತಿಥಿಗಳ ಎದುರಿಗೆ ಮಡದಿಯನ್ನು, ಸೊಸೆಯನ್ನು ಹೀನೈಸುವ ಯಜಮಾನನು ತಿಳಿಯಬೇಕಾದುದಿದೆ. ಅರ್ಪಿಸುವ ಮುನ್ನ ರುಚಿ ನೋಡದಿರುವುದು ನೇಮನಿಷ್ಠರ ಮನೆಗಳ ಪದ್ಧತಿ. ಆ ನೇಮ ಹಿಡಿದವಳು ಉಪ್ಪನ್ನು ಅಂದಾಜಿನಿಂದಲೇ ಹಾಕುವಳು. ಅಂದಾಜು ತಪ್ಪಿದರೆ ಅದು ಅವಳ ನಿಷ್ಠೆಯೊಳಗಣ ತಪ್ಪು. ಅವಳ ಕೊರಳಲ್ಲಿಯೂ ಇಷ್ಟಲಿಂಗವಿದೆ. ಆ ಲಿಂಗವಂತೆಯನ್ನು ನೋಯಿಸಿದ ಬಾಯಿಂದಲೇ ಜಂಗಮರಿಗೆ ಬಿನ್ನಹ ಮಾಡಿದರೆ ಫಲವೇನು? ತಳ ಹಿಡಿದ ಅನ್ನಕ್ಕೆ ಉಪಾಯವುಂಟು. ಸೀದ ಮನಸ್ಸಿಗೆ ಉಪಾಯ ಸುಲಭವಲ್ಲ.

ಶಿವನು ಚೋಳರಾಜನ ಮೃಷ್ಟಾನ್ನವನ್ನು ಬಿಟ್ಟು ಮಾದಾರ ಚೆನ್ನಯ್ಯನ ಅಂಬಲಿಯನ್ನು ಸವಿದನೆಂದು ಪುರಾತನರ ಚರಿತೆ ಸಾರುವುದು. 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದನು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಇದ್ದಲ್ಲಿಗೇ ಹಿಂದಿರುಗಿಸಬೇಕೆಂದು ಲಕ್ಕಮ್ಮನು ತಿದ್ದಿದಳು, ಮಾರಯ್ಯನು ತಲೆಬಾಗಿದನು. ಮಡದಿಯ ಮಾತಿಗೆ ಬಾಗುವ ವಿನಯವೂ, ನೆಲಕ್ಕೆ ಬಿದ್ದ ಕಾಳನ್ನು ಕಡೆಗಣಿಸದ ಎಚ್ಚರವೂ ಆ ಮನೆಯಲ್ಲಿ ಒಂದಾಗಿದ್ದವು.

ಆದುದರಿಂದ ಹಬ್ಬದ ಅಡುಗೆ ಕೆಟ್ಟಾಗ ಯಜಮಾನನು ಒಳಗೆ ಹೋಗಲಿ. ಗದರಲಿಕ್ಕಲ್ಲ, ಸೌಟು ಹಿಡಿಯಲಿಕ್ಕೆ. ಅವಳು ಹಾಲು ಆರಿಸುತ್ತಿರುವಾಗ ಅವನು ಪಾಯಸ ತಿರುವಲಿ. ಕಪ್ಪಾದ ತಳದ ಅನ್ನವನ್ನು ನೆನೆಸಿ ದನಕ್ಕಿಡಲಿ. ಅನಂತರ ಇಬ್ಬರೂ ಕೂಡಿ ಎಡೆ ಮಾಡಲಿ. ಆ ಎಡೆಯಲ್ಲಿ ಹೋಳಿಗೆ ಇಲ್ಲದಿದ್ದರೂ ಪ್ರಸಾದವಿರುವುದು.