ಜೋಳಿಗೆಯೂ ಔಷಧವೂ

ವ್ಯಸನವು ಪಾಪವೋ ರೋಗವೋ ಎಂಬ ಪ್ರಶ್ನೆ ಹಳೆಯದು. ಪಾಪವೆಂದು ಬಗೆದವರು ವ್ಯಸನಿಯನ್ನು ದೂರವಿರಿಸಿದರು. ಇಳಕಲ್ಲಿನ ಮಹಾಂತ ಶಿವಯೋಗಿಗಳಾದರೋ, ಆ ಊರು ಇನ್ನೂ ಅವಿಭಜಿತ ಬಿಜಾಪುರ ಜಿಲ್ಲೆಯಲ್ಲಿದ್ದ 1975ರಲ್ಲಿ, ಜೋಳಿಗೆ ಹಿಡಿದು ಜನರ ಬಳಿಗೇ ಹೋಗಿ, ಅವರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಕೊಟ್ಟವನು ದಾನಿಯಾದನೇ ಹೊರತು ಅಪರಾಧಿಯಾಗಲಿಲ್ಲವೆಂಬುದು ಆ ಭಿಕ್ಷೆಯ ಧರ್ಮಸೂಕ್ಷ್ಮ.

ಆದರೆ ಸಂಕಲ್ಪವೊಂದೇ ಸಾಲದು. ಬಹುಕಾಲ ಮದ್ಯಕ್ಕೆ ಅಧೀನವಾದ ದೇಹವು ಅದನ್ನು ಒಮ್ಮೆಲೇ ತ್ಯಜಿಸಿದಾಗ ನಡುಕ, ಸೆಳವು, ಭ್ರಾಂತಿಗಳಿಗೆ ಈಡಾಗಿ ಪ್ರಾಣಾಪಾಯಕ್ಕೂ ಗುರಿಯಾಗಬಹುದಾದುದರಿಂದ, ವಿರತಿಗೂ ವೈದ್ಯನ ನೆರವು ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಮದ್ಯ, ಮಾದಕಗಳ ದುರ್ಬಳಕೆಯಿಂದೊದಗುವ ಮನೋವಿಕಾರಗಳನ್ನೂ ಒಳಗೊಂಡು ಚಿಕಿತ್ಸೆಯನ್ನು ಹಕ್ಕೆಂದು ಸಾರಿದೆ. 14416 ಎಂಬ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆಗೆ ಕರೆಮಾಡಿದವನಿಗೆ ಕನ್ನಡದಲ್ಲಿಯೇ ಸಮಾಲೋಚನೆ ದೊರೆಯುತ್ತದೆ. ಆದರೂ ತಿಕೋಟಾದ ದ್ರಾಕ್ಷಿಯ ಪಡದಲ್ಲಿ ದುಡಿಯುವವನಾಗಲಿ ಬಬಲೇಶ್ವರದ ಸಣ್ಣ ರೈತನಾಗಲಿ ದಿನದ ದುಡಿಮೆಯನ್ನು ಕಳೆದುಕೊಂಡು, ನೆರೆಯವರ ಕಣ್ಣು ತಪ್ಪಿಸಿ, ವಿಜಯಪುರದ ಬಸ್ಸು ಹತ್ತಿಯೇ ಚಿಕಿತ್ಸೆಯನ್ನು ಅರಸಬೇಕಾದರೆ, ಆ ಹಕ್ಕು ಕೈಗೆಟುಕದ ಫಲವೇ ಸರಿ.

ರೋಗಿಯು ಔಷಧದೆಡೆಗೆ ನಡೆಯಬೇಕೋ, ಔಷಧವೇ ರೋಗಿಯೆಡೆಗೆ ನಡೆಯಬೇಕೋ? ಜೋಳಿಗೆಯು ಉತ್ತರವನ್ನು ಅಂದೇ ಕೊಟ್ಟಿತು: ಕರುಣೆಯೇ ಮೊದಲು ಹೊಸ್ತಿಲಿಗೆ ಬಂದು ನಿಲ್ಲತಕ್ಕದ್ದು.